ಹಳೇ ಆಂಫಿಬಿಯಸ್ ಎಟಿವಿ ಎಳೀತಿಲ್ವಾ? ಗೇರ್‌ಬಾಕ್ಸ್ ಬಿಚ್ಚೋಕ್ ಮುಂಚೆ ಇಷ್ಟು ನೋಡಿ

ನೆಲ ನೀರು ಎರಡರಲ್ಲೂ ಓಡೋ ಆರ್ಗೋ, ಮ್ಯಾಕ್ಸ್ ಥರದ ಹಳೇ ಆರು ಚಕ್ರದ, ಎಂಟು ಚಕ್ರದ ಗಾಡೀಲಿ ಇಂಜಿನ್ ಕೂಗ್ತಿದೆ ಆದ್ರೆ ಗಾಡಿ ಮುಂದಕ್ಕೇ ಹೋಗ್ತಿಲ್ಲ ಅಂದ್ರೆ ಎಲ್ರೂ ಮೊದ್ಲು ಹೇಳೋದು ಗೇರ್‌ಬಾಕ್ಸ್ ಹೋಯ್ತು ಅಂತ. ದಯವಿಟ್ಟು ಅದನ್ನ ಕೊನೇಗಿಟ್ಕೊಳ್ಳಿ. ಇಂಜಿನ್ನಿಂದ ಸಿವಿಟಿ ಬೆಲ್ಟ್ (ಎರಡು ಪುಲಿ ಮಧ್ಯೆ ಓಡಿ ಶಕ್ತಿ ದಾಟಿಸೋ ಬೆಲ್ಟ್), ಬೆಲ್ಟಿಂದ ಗೇರ್‌ಬಾಕ್ಸ್, ಅಲ್ಲಿಂದ ಎರಡೂ ಪಕ್ಕಕ್ಕೆ ಚೈನು, ಚೈನಿಂದ ಆಕ್ಸಲ್, ಈ ದಾರೀಲಿ ನೀರು ಕೆಸರು ತಿಂದು ಬೇಗ ಹಾಳಾಗೋದು ಬೆಲ್ಟ್, ಚೈನು, ಬೇರಿಂಗು.

ಇಂಜಿನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ ಕ್ಯಾಪ್ ಕಿತ್ತಿಡಿ, ಗಾಡಿ ಎತ್ತಿ ಅಡಿಗೆ ಗಟ್ಟಿ ಮರದ ದಿಮ್ಮಿ ಕೊಡಿ, ಬರೀ ಜ್ಯಾಕ್ ನಂಬ್ಕೊಂಡು ಕೈ ಹಾಕ್ಲೇಬೇಡಿ. ನ್ಯೂಟ್ರಲ್‌ಗೆ ಹಾಕಿ ಒಂದು ಪಕ್ಕದ ಒಂದು ಚಕ್ರನ ಕೈಯಲ್ಲೇ ನಿಧಾನಕ್ಕೆ ತಿರುಗ್ಸಿ. ಆ ಪಕ್ಕದ ಚಕ್ರಗಳೆಲ್ಲಾ ಚೈನಲ್ಲಿ ಸೇರ್ಕೊಂಡಿರೋದ್ರಿಂದ ಒಟ್ಟಿಗೇ ತಿರುಗ್ಬೇಕು. ಒಂದು ಮಾತ್ರ ಸುಮ್ನೆ ನಿಂತಿದ್ರೆ ಅಲ್ಲಿಗೆ ಹೋಗೋ ಚೈನ್ ಕಡಿದಿದೆ, ಇಲ್ಲಾ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಒಳಗಿನ ಕೀ, ಅಂದ್ರೆ ಅದನ್ನ ಶಾಫ್ಟಿಗೆ ಕಚ್ಚಿಸೋ ಲೋಹದ ತುಂಡು, ಮುರಿದಿದೆ. ಕೀ ಮೇಲೆ ಅನುಮಾನ ಇದ್ರೆ ಸ್ಪ್ರಾಕೆಟ್ಟಿಂದ ಶಾಫ್ಟ್ ಮೇಲಕ್ಕೆ ಸೀಮೆಸುಣ್ಣದಲ್ಲಿ ಒಂದೇ ಗೆರೆ ಎಳೆದು ಚಕ್ರ ತಿರುಗ್ಸಿ, ಗೆರೆ ಎರಡಾದ್ರೆ ಕೀ ಹೋಗಿದೆ ಅಂತಾನೇ ಅರ್ಥ. ಇನ್ನೊಂದು ವಿಷ್ಯ, ಡಿಫರೆನ್ಷಿಯಲ್ (ಶಕ್ತಿಯನ್ನ ಎರಡೂ ಪಕ್ಕಕ್ಕೆ ಹಂಚೋ ಗೇರು) ಇರೋ ಗಾಡೀಲಿ ಒಂದು ಪಕ್ಕದ ಮೇನ್ ಚೈನ್ ಕಡಿದ್ರೂ ಪೂರ್ತಿ ಗಾಡಿ ನಿಂತುಬಿಡತ್ತೆ, ಯಾಕಂದ್ರೆ ಶಕ್ತಿಯೆಲ್ಲಾ ಆ ಸಡಿಲ ಆದ ಕಡೆಗೇ ಓಡೋಗತ್ತೆ. ಇದನ್ನೇ ನೋಡಿ ಒಳ್ಳೇ ಗೇರ್‌ಬಾಕ್ಸನ್ನ ಬಿಚ್ಚಿ ಹಾಕ್ತಾರೆ, ನಿಜವಾಗ್ಲೂ ಬೇಜಾರಾಗತ್ತೆ.

ಚೈನ್ ಕಡಿದಿಲ್ಲ, ಆದ್ರೆ ಹೊರಡುವಾಗ ಕಟಕ್ ಅಂತ ಹೊಡೀತಿದೆ ಅಂದ್ರೆ ಎಳೆದು ಉದ್ದ ಆಗಿರತ್ತೆ. ಕಣ್ಣಳತೆ ಸಾಲಲ್ಲ, ಅಳೀರಿ. 50 ನಂಬರ್ ಚೈನಲ್ಲಿ ಹೊಸದಾಗಿದ್ದಾಗ 12 ಲಿಂಕ್ ಅಂದ್ರೆ 190.5 ಮಿಮೀ, 60 ನಂಬರಲ್ಲಿ 228.6. ಚೈನನ್ನ ಬಿಗಿಯಾಗಿ ಹಿಡಿದು ಪಿನ್ನಿನ ಮಧ್ಯದಿಂದ ಪಿನ್ನಿನ ಮಧ್ಯಕ್ಕೆ ಅಳತೆ ತಗೊಳ್ಳಿ, ನೂರಕ್ಕೆ ಎರಡು ಮೂರರಷ್ಟು ಜಾಸ್ತಿ ಬಂದ್ರೆ ಟೆನ್ಷನರ್ ಎಷ್ಟು ಬಿಗಿ ಮಾಡಿದ್ರೂ ಪ್ರಯೋಜನ ಇಲ್ಲ, ಬದಲಾಯಿಸ್ಲೇಬೇಕು. ಸ್ಪ್ರಾಕೆಟ್ ಹಲ್ಲು ಕೊಕ್ಕೆ ಥರ ಬಾಗಿದ್ರೆ ಅದನ್ನೂ ಸೇರಿಸಿ ಬದಲಾಯಿಸಿ, ಇಲ್ಲಾಂದ್ರೆ ಹೊಸ ಚೈನನ್ನ ಅದೇ ಹಾಳು ಮಾಡತ್ತೆ. ಜೋಡಿಸೋ ಲಿಂಕಿನ ಕ್ಲಿಪ್ಪಿನ ಮುಚ್ಚಿರೋ ತುದಿ ಚೈನ್ ಓಡೋ ದಿಕ್ಕಿಗಿರ್ಲಿ.

ಚಕ್ರಗಳೆಲ್ಲಾ ಸರಿಯಾಗಿ ತಿರುಗಿದ್ರೆ ಬೆಲ್ಟಿಗೆ ಬನ್ನಿ. ಪಕ್ಕಗಳು ಗಾಜಿನ ಥರ ಹೊಳೀತಿವೆಯಾ, ಕವರ್ ಒಳಗೆ ಕಪ್ಪು ಪುಡಿ ಬಿದ್ದಿದೆಯಾ? ಒಂದೇ ಪಕ್ಕ ಸವೆದಿದ್ರೆ ಪುಲಿಗಳು ಒಂದೇ ಲೈನಲ್ಲಿಲ್ಲ, ಹಳೇ ಗಾಡೀಲಿ ಇದಕ್ಕೆ ಎಷ್ಟೋ ಸಲ ಕಾರಣ ಇಂಜಿನ್ ಮೌಂಟಿನ ರಬ್ಬರ್ ಸತ್ತಿರೋದು. ಮೌಂಟ್ ಸರಿ ಮಾಡ್ದೆ ಹೊಸ ಬೆಲ್ಟ್ ಹಾಕಿದ್ರೆ ಅದೂ ಹಂಗೇ ಹೋಗತ್ತೆ. ನೀರಿಗಿಳಿದ ಮೇಲೆ ಮಾತ್ರ ಜಾರ್ತಿದ್ರೆ ಬೆಲ್ಟ್ ಒದ್ದೆಯಾಗಿದೆ ಅಷ್ಟೇ, ಒಣಗಿಸಿ, ನೀರು ಎಲ್ಲಿಂದ ಒಳಗೆ ಬರ್ತಿದೆ ಹುಡುಕಿ. ಪುಲಿ ಮೇಲೆ ಎಣ್ಣೆ ಗ್ರೀಸು ಇದ್ರೆ ಬ್ರೇಕ್ ಕ್ಲೀನರಲ್ಲಿ ಒರೆಸಿ.

ಬೇರಿಂಗಿಗೆ, ಚಕ್ರನ ಮೇಲೆ ಕೆಳಗೆ ಹಿಡಿದು ಅಲ್ಲಾಡ್ಸಿ, ಆಮೇಲೆ ಗ್ರೀಸ್ ಗನ್ ಹಾಕಿ ಒತ್ತಿ. ಹೊರಗೆ ಬರೋ ಗ್ರೀಸು ತುಕ್ಕಿನ ಬಣ್ಣದಲ್ಲಿದ್ರೆ ಸೀಲ್ ದಾಟಿ ನೀರು ಹೋಗಿದೆ. ನೀರಿಂದ ಮೇಲೆ ಬಂದ ದಿನಾನೇ ಗ್ರೀಸ್ ಹೊಡೀರಿ, ನಾಳೆಗೆ ಬಿಡಬೇಡಿ.

ಇಷ್ಟೆಲ್ಲಾ ಸರಿ ಇದ್ರೆ ಮಾತ್ರ ಗೇರ್‌ಬಾಕ್ಸ್ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಹಾಲಿನ ಥರ ಬಿಳಿ ಇದ್ರೆ ನೀರು ಸೇರಿದೆ, ಬ್ರೀದರ್ (ಗೇರ್‌ಬಾಕ್ಸಿಗೆ ಗಾಳಿಯಾಡೋ ತೂತು) ಮತ್ತೆ ಸೀಲ್ ನೋಡಿ, ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿ ಮತ್ತೊಂದ್ಸಲ ಬದಲಾಯಿಸಿ. ಆಯಿಲ್ ಜೊತೆ ಲೋಹದ ಚೂರು ಬಂದ್ರೆ ಆವಾಗ ಸ್ಪ್ಯಾನರ್ ತಗೊಳ್ಳಿ.