ಇಪ್ಪತ್ತೊಂದರಿಂದ ಇಪ್ಪತ್ತೆಂಟು: ಕೀಪರ್ ಕೈಯಲ್ಲಿ ಚೆಂಡಿದ್ದಾಗ ನಾನು ಎಣಿಸುವ ರೀತಿ

ಬೆಂಗಳೂರಿನ ಫುಟ್‌ಬಾಲ್ ಲೀಗ್ ಪಂದ್ಯಗಳಲ್ಲಿ, ಶಾಲೆ-ಕಾಲೇಜು ಟೂರ್ನಿಗಳಲ್ಲಿ ಇಷ್ಟು ವರ್ಷ ರೆಫ್ರಿಯಾಗಿ ಓಡಿದ್ದೇನೆ. ಗೋಲ್‌ಕೀಪರ್ ಆರು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡು ಹಿಡಿದುಕೊಂಡ ಅಂತ ಒಮ್ಮೆಯೂ ಸೀಟಿ ಊದಿರಲಿಲ್ಲ. ನನ್ನ ಜೊತೆಯವರು ಊದಿದ್ದನ್ನೂ ಕಂಡಿಲ್ಲ. ಅದು ಸೋಮಾರಿತನವಲ್ಲ, ಎಣಿಸಲು ಬಾರದ್ದೂ ಅಲ್ಲ. ತಪ್ಪು ಚಿಕ್ಕದು, ಶಿಕ್ಷೆ ದೊಡ್ಡದು. ಸೀಟಿ ಬಾಯಿಯವರೆಗೆ ಬಂದು ನಿಂತುಬಿಡುತ್ತಿದ್ದದ್ದು ಅದಕ್ಕೇ.

ಮೊದಲು ಕೀಪರ್‌ಗೆ ನಾಲ್ಕು ಹೆಜ್ಜೆಯ ಮಿತಿ ಇತ್ತು. 2000ರಲ್ಲಿ ಅದನ್ನು ತೆಗೆದು ಆರು ಸೆಕೆಂಡು ಮಾಡಿದರು. ಮೀರಿದರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್ (ಇನ್ನೊಬ್ಬರು ಮುಟ್ಟದೆ ನೇರ ಗೋಲು ಹೊಡೆಯುವಂತಿಲ್ಲ), ಅದೂ ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್ ಒಳಗೆ. ಇದನ್ನು ಕೊಟ್ಟು ನೋಡಿದವರಿಗೆ ಗೊತ್ತು ಅದರ ಫಜೀತಿ. ಗೋಲಿಗೆ ಹತ್ತು ಗಜವೂ ಇಲ್ಲದ ಜಾಗದಲ್ಲಿ ಚೆಂಡು. ರಕ್ಷಣೆಯ ಇಡೀ ತಂಡ ಗೋಲ್ ಲೈನ್ ಮೇಲೆ ಕಂಬದಿಂದ ಕಂಬಕ್ಕೆ ಸಾಲುಗಟ್ಟುತ್ತದೆ. ಚೆಂಡು ಮುಟ್ಟುವ ಮೊದಲೇ ಅರ್ಧ ಜನ ಮುನ್ನುಗ್ಗುತ್ತಾರೆ. ಮತ್ತೆ ಸೀಟಿ, ಮತ್ತೆ ಜಗಳ. ಎರಡು ಸೆಕೆಂಡು ತಡಮಾಡಿದ್ದಕ್ಕೆ ಗೋಲಿನಷ್ಟೇ ಬೆಲೆ. ಯಾವ ರೆಫ್ರಿ ಮೈಮೇಲೆ ಎಳೆದುಕೊಳ್ಳುತ್ತಾನೆ?

ಎಳೆದುಕೊಂಡವರ ಕಥೆಯೂ ಇದೆ. 2012ರ ಲಂಡನ್ ಒಲಿಂಪಿಕ್ಸ್‌ನ ಮಹಿಳಾ ಸೆಮಿಫೈನಲ್, ಓಲ್ಡ್ ಟ್ರಾಫರ್ಡ್‌ನಲ್ಲಿ ಅಮೆರಿಕ-ಕೆನಡಾ. ಕೆನಡಾ 3-2ರಿಂದ ಮುಂದಿತ್ತು. ಅಮೆರಿಕದ ಆಬಿ ವಾಂಬಾಕ್ ರೆಫ್ರಿಗೆ ಕೇಳುವ ಹಾಗೆ ಗಟ್ಟಿಯಾಗಿ ಸೆಕೆಂಡು ಎಣಿಸುತ್ತಿದ್ದಳು. ನಾರ್ವೆಯ ರೆಫ್ರಿ ಕೆನಡಾ ಕೀಪರ್ ಎರಿನ್ ಮೆಕ್‌ಲಿಯಡ್ ವಿರುದ್ಧ ಸೀಟಿ ಊದಿದರು. ಆ ಫ್ರೀ ಕಿಕ್‌ನಲ್ಲಿ ಹ್ಯಾಂಡ್‌ಬಾಲ್, ಅದಕ್ಕೆ ಪೆನಾಲ್ಟಿ, ವಾಂಬಾಕ್ ಗೋಲು, 3-3. ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ ಅಮೆರಿಕ 4-3ರಿಂದ ಗೆದ್ದಿತು. ಪುಸ್ತಕದ ಪ್ರಕಾರ ರೆಫ್ರಿ ಮಾಡಿದ್ದು ಸರಿ. ಆದರೆ ಜಗತ್ತಿನಲ್ಲಿ ಯಾರೂ ಬಳಸದ ನಿಯಮವನ್ನು ಸೆಮಿಫೈನಲ್‌ನಲ್ಲಿ ಎತ್ತಿಕೊಂಡರೆ ಸರಿಯಾದದ್ದೂ ಅನ್ಯಾಯದ ಹಾಗೇ ಕಾಣುತ್ತದೆ.

2025ರ ಮಾರ್ಚ್‌ನಲ್ಲಿ, ಆಟದ ನಿಯಮ ಬರೆಯುವ ಐಫ್ಯಾಬ್ ಬೆಲ್‌ಫಾಸ್ಟ್ ಸಭೆಯಲ್ಲಿ ಇದನ್ನು ಬದಲಿಸಿತು. ಆರರ ಬದಲು ಎಂಟು ಸೆಕೆಂಡು. ಮೀರಿದರೆ ಎದುರಾಳಿಗೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಕಿಕ್. ಕೊನೆಯ ಐದು ಸೆಕೆಂಡನ್ನು ರೆಫ್ರಿ ಕೈ ಎತ್ತಿ ತೋರಿಸಬೇಕು. ಕೀಪರ್‌ಗೆ ಎರಡು ಸೆಕೆಂಡು ಹೆಚ್ಚು ಕೊಟ್ಟರಲ್ಲ, ಇದೆಂಥ ಬಿಗಿ ಅಂತ ಗೆಳೆಯರು ನಕ್ಕರು. ನನಗೆ ಮಾತ್ರ ಕಾರ್ನರ್ ಅನ್ನುವ ಪದ ಓದಿದ ಕೂಡಲೇ ಇದು ನಡೆಯುತ್ತದೆ ಅನ್ನಿಸಿತು. ಕಾರ್ನರ್ ಕೊಡಲು ಯಾರಿಗೂ ಭಯವಿಲ್ಲ. ಆ ಜೂನ್‌ನಲ್ಲಿ ಅಮೆರಿಕದಲ್ಲಿ ನಡೆದ ಕ್ಲಬ್ ವಿಶ್ವಕಪ್‌ನಲ್ಲೇ ಸೌದಿ ಕ್ಲಬ್ ಅಲ್ ಹಿಲಾಲ್‌ನ ಹೆಸರಾಂತ ಕೀಪರ್ ಯಾಸಿನ್ ಬೂನು ರಿಯಲ್ ಮ್ಯಾಡ್ರಿಡ್ ಎದುರು ಸಿಕ್ಕಿಬಿದ್ದ. ಅಂಥ ಕೀಪರ್‌ಗೇ ಕೊಟ್ಟರೆಂದರೆ ನಮ್ಮ ಮೈದಾನದಲ್ಲಿ ನನಗೇನು ಸಂಕೋಚ?

ಆದರೂ ಮೊದಲು ನನ್ನ ಎಣಿಕೆಯನ್ನೇ ಸರಿಮಾಡಿಕೊಳ್ಳಬೇಕಿತ್ತು. ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಒಂದು, ಎರಡು ಎಂದರೆ ಸ್ಟಾಪ್‌ವಾಚ್‌ಗೆ ಸರಿಯಾಗಿ ಹೊಂದುತ್ತದೆ. ಮೈದಾನದ ಅಡ್ಡಕ್ಕೆ ಎರಡು ಸುತ್ತು ಜೋರಾಗಿ ಓಡಿ, ಏದುಸಿರಲ್ಲಿ ಎಣಿಸಿದರೆ ಎಂಟು ಅನ್ನುವಾಗ ಗಡಿಯಾರದಲ್ಲಿ ಆರೂ ಆಗಿರುವುದಿಲ್ಲ. ಎದೆಬಡಿತದ ಜೊತೆ ಎಣಿಕೆಯೂ ಓಡುತ್ತದೆ. ಅದಕ್ಕೆ ನಾನು ಇಪ್ಪತ್ತೊಂದರಿಂದ ಶುರುಮಾಡುತ್ತೇನೆ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು ಅಂತ ಮನಸ್ಸಿನಲ್ಲಿ ಪೂರ್ತಿ ಉಚ್ಚರಿಸಿದರೆ ಒಂದೊಂದಕ್ಕೂ ಹೆಚ್ಚೂಕಮ್ಮಿ ಒಂದು ಸೆಕೆಂಡು ಹಿಡಿಯುತ್ತದೆ, ಎಷ್ಟೇ ಉಸಿರುಗಟ್ಟಿದ್ದರೂ. ಇಪ್ಪತ್ತಮೂರು ಮುಗಿಯುತ್ತಲೇ ಕೈ ಮೇಲೆ. ಇಪ್ಪತ್ತೆಂಟಕ್ಕೆ ಮುಷ್ಟಿ ಮುಚ್ಚುತ್ತದೆ.

ಎಣಿಕೆ ಯಾವಾಗ ಶುರು ಅನ್ನುವುದೇ ನಿಜವಾದ ಪ್ರಶ್ನೆ. ಚೆಂಡು ಕೀಪರ್ ಹತೋಟಿಗೆ ಬಂದದ್ದು ಯಾವಾಗ ಅಂತ ತೀರ್ಮಾನಿಸುವುದು ರೆಫ್ರಿ. ಹಾರಿ ಹಿಡಿದು ಬಿದ್ದ, ಮೇಲೆ ಇಬ್ಬರು ಬಿದ್ದಿದ್ದಾರೆ ಅಂದರೆ ನಾನು ಎಣಿಸುವುದಿಲ್ಲ. ಎದ್ದು ನಿಲ್ಲಲು ಜಾಗ ಸಿಗಲಿ. ಅದೇ ತೆವಳಿಕೊಂಡು ಬರುವ ಚೆಂಡು, ಸುತ್ತ ಹತ್ತು ಗಜ ಯಾರೂ ಇಲ್ಲ, ಆದರೂ ಕೀಪರ್ ಅದರ ಮೇಲೆ ಮಗುವನ್ನು ತಬ್ಬಿದ ಹಾಗೆ ಮಲಗಿದನೋ, ಎದೆ ನೆಲಕ್ಕೆ ತಾಗುವಾಗಲೇ ನನ್ನ ಇಪ್ಪತ್ತೊಂದು ಶುರು. ನೆಲಕ್ಕೆ ಪುಟಿಸುತ್ತಾ ಓಡಾಡಿದರೆ ಎಣಿಕೆ ನಿಲ್ಲುವುದಿಲ್ಲ, ಅದೂ ಹತೋಟಿಯೇ. ಒಬ್ಬ ಹಿರಿಯ ಕೀಪರ್, ಏರ್‌ಪೋರ್ಟ್ ರಸ್ತೆಯ ಕಡೆಯವನು, "ಸಾರ್, ಬಾಲ್ ಕೈಲಿ ಇಲ್ವಲ್ಲ, ನೆಲದ ಮೇಲಿದೆಯಲ್ಲ" ಎಂದು ವಾದಿಸಿದ. ವಾದ ಮುಗಿಯುವಷ್ಟರಲ್ಲಿ ಅವನ ಎಂಟು ಮುಗಿದಿತ್ತು.

ಎದುರಾಳಿ ಫಾರ್ವರ್ಡ್ (ಮುಂದಾಳು ಆಟಗಾರ) ಕೀಪರ್ ಎದುರು ನಿಂತು ಒದೆಯಲು ಬಿಡದೆ ಅಡ್ಡಬಂದರೆ ಅದು ಅವನ ತಪ್ಪು. ಫ್ರೀ ಕಿಕ್ ಕೀಪರ್ ಕಡೆಗೆ. ಸುಮ್ಮನೆ ಹತ್ತಿರ ನಿಂತಿದ್ದರೆ ತಪ್ಪಿಲ್ಲ. ಈ ಎರಡರ ನಡುವಿನ ಗೆರೆ ತೆಳ್ಳಗಿದೆ. ಕೀಪರ್ ಪಕ್ಕಕ್ಕೆ ಸರಿದಾಗ ಫಾರ್ವರ್ಡ್ ಕೂಡ ಸರಿದನೇ ಅಂತ ನೋಡುತ್ತೇನೆ.

ನಿಲ್ಲುವ ಜಾಗವೂ ಬದಲಾಯಿತು. ಮೊದಲೆಲ್ಲ ಕೀಪರ್ ಚೆಂಡು ಹಿಡಿದ ತಕ್ಷಣ ಬೆನ್ನು ತಿರುಗಿಸಿ, ಚೆಂಡು ಬೀಳುವ ಕಡೆಗೆ ಓಡುತ್ತಿದ್ದೆ. ಈಗ ಹಿಮ್ಮುಖವಾಗಿ ಓಡುತ್ತೇನೆ, ಕೀಪರ್ ಕಣ್ಣಿಗೆ ಬೀಳುವ ಹಾಗೆ ಸ್ವಲ್ಪ ಓರೆಯಲ್ಲಿ. ಕೈ ಎತ್ತಿ ಹಾಗೇ ನಿಂತರೆ ಇನ್‌ಡೈರೆಕ್ಟ್ ಫ್ರೀ ಕಿಕ್ ಅಂದುಕೊಳ್ಳುತ್ತಾರೆ, ಆದ್ದರಿಂದ ಬೆರಳುಗಳನ್ನು ಅಗಲಿಸಿ ಒಂದೊಂದಾಗಿ ಮಡಚುತ್ತೇನೆ. ತೊಂದರೆ ಏನೆಂದರೆ, ಆ ಐದು ಸೆಕೆಂಡು ನನ್ನ ಕಣ್ಣು ಕೀಪರ್ ಮೇಲೆ. ಮೈದಾನದ ಮಧ್ಯದಲ್ಲಿ ಅಂಗಿ ಎಳೆಯುವುದು, ಮೊಣಕೈ ಏಟು ಎಲ್ಲ ಆಗುವುದು ಆಗಲೇ. ನಮ್ಮ ಲೀಗ್‌ಗಳಲ್ಲಿ ಕಿವಿಗೆ ಮೈಕೂ ಇಲ್ಲ, ಪರದೆಯೂ ಇಲ್ಲ. ಪಂದ್ಯಕ್ಕೆ ಮುಂಚೆ ಇಬ್ಬರು ಲೈನ್ಸ್‌ಮನ್‌ಗಳಿಗೆ ಹೇಳಿಬಿಡುತ್ತೇನೆ: "ನನ್ನ ಕೈ ಮೇಲೆ ಹೋದರೆ ಕೀಪರ್ ನನ್ನವನು, ಉಳಿದ ಮೈದಾನ ನಿಮ್ಮದು."

ಟಾಸ್ ಹೊತ್ತಿಗೆ ಎರಡೂ ಕೀಪರ್‌ಗಳನ್ನು ಕರೆದು ಬೆರಳು ಮಡಚಿ ತೋರಿಸುವುದು ಇನ್ನೊಂದು ರೂಢಿ. ಒಂದು ನಿಮಿಷದ ಕೆಲಸ, ಆಮೇಲೆ ಯಾರೂ "ಗೊತ್ತಿರಲಿಲ್ಲ ಸಾರ್" ಅನ್ನುವಂತಿಲ್ಲ. ಬೆಂಚಿನವರೂ ಪ್ರೇಕ್ಷಕರೂ ಒಟ್ಟಿಗೆ ಎಣಿಸತೊಡಗುತ್ತಾರೆ. ಅವರ ಎಂಟು ಯಾವಾಗಲೂ ನನ್ನ ಐದಕ್ಕೇ ಬರುತ್ತದೆ. ಕಿವಿಗೊಡುವುದಿಲ್ಲ. ಕೊನೆಯ ಬೆರಳು ಮಡಚುವಾಗ ಕೀಪರ್ ಕೈ ಎಸೆಯಲು ಹಿಂದಕ್ಕೆ ಹೋಗಿದ್ದರೆ ಬಿಟ್ಟುಬಿಡುತ್ತೇನೆ. ಕೈಯಾಡಿಸಿಕೊಂಡು ಜಾಗ ಹುಡುಕುತ್ತಿದ್ದರೆ ಮಾತ್ರ ಸೀಟಿ. ಕಾರ್ನರ್ ಯಾವ ಕಡೆ? ಕೀಪರ್ ನಿಂತ ಜಾಗಕ್ಕೆ ಹತ್ತಿರದ ಕಡೆ. ಅವನು ನಟ್ಟನಡುವೆ ಇದ್ದರೆ, ಅನುಮಾನ ತೋರಿಸದೆ ಒಂದು ಕಡೆ ಕೈ ತೋರಿಸುವುದೇ ವಿದ್ಯೆ.

ಹದಿಮೂರು ವರ್ಷದೊಳಗಿನ ಮಕ್ಕಳ ಆಟ ಮಾತ್ರ ಬೇರೆ ಲೆಕ್ಕ. ಕೈ ಎತ್ತಿದ ಕೂಡಲೇ ಗಾಬರಿಯಾಗಿ ಎದುರಾಳಿಯ ಕಾಲಿಗೇ ಚೆಂಡು ಒದೆಯುತ್ತಾರೆ. ಅಲ್ಲಿ ಕೈಗಿಂತ ಬಾಯಿ ಮೊದಲು: "ಬಿಡಪ್ಪಾ, ಬಿಡು." ಸಾಮಾನ್ಯವಾಗಿ ಅಷ್ಟು ಸಾಕು.

ನಾನು ಕೊಟ್ಟ ಕಾರ್ನರ್‌ಗಳು ಕಡಿಮೆ. ಬೆರಳು ಕಂಡರೆ ಚೆಂಡು ಹೋಗುತ್ತದೆ. ಕೀಪರ್‌ಗೆ ಕಾಣದಿದ್ದರೂ ಅವನ ತಂಡದ ಸ್ಟಾಪರ್ (ನಡುವಿನ ರಕ್ಷಕ) ಹಿಂದಿನಿಂದ ಬೈಯುತ್ತಾನೆ. ಆದರೆ ಸಮಯ ತಿನ್ನುವವರು ಎಲ್ಲಿಗೂ ಹೋಗಿಲ್ಲ. ಈಗ ಕೀಪರ್ ಚೆಂಡನ್ನು ಕೈಗೆ ತೆಗೆದುಕೊಳ್ಳುವುದೇ ಇಲ್ಲ. ಕಾಲಬುಡದಲ್ಲಿ ಇಟ್ಟುಕೊಂಡು, ಯಾರಾದರೂ ಓಡಿಬರುವವರೆಗೆ ನಿಂತಿರುತ್ತಾನೆ. ಬಂದಾಗ ಬಗ್ಗಿ ಎತ್ತಿಕೊಳ್ಳುತ್ತಾನೆ, ಅಲ್ಲಿಂದ ಎಂಟು. ಕಾಲಲ್ಲಿ ಇದ್ದಷ್ಟು ಹೊತ್ತಿಗೆ ಎಣಿಕೆ ಇಲ್ಲ. ಸೋಲುತ್ತಿರುವ ತಂಡದ ಕೋಚ್ ಗೆರೆಯ ಪಕ್ಕ ನಿಂತು "ರೆಫ್, ಕೈ ಎತ್ತಿ, ಕೈ ಎತ್ತಿ" ಎಂದು ಕೂಗುತ್ತಾನೆ. ಆ ಚೆಂಡು ಯಾರು ಬೇಕಾದರೂ ಕಿತ್ತುಕೊಳ್ಳಬಹುದಾದ ಚೆಂಡು. "ನಿಮ್ಮ ಸ್ಟ್ರೈಕರ್‌ನ ಓಡಿಸಿ ಸಾರ್, ಆಮೇಲೆ ನಾನು ಎತ್ತುತ್ತೇನೆ" ಎನ್ನುತ್ತೇನೆ.