ಮೈಕ್ರೊಪಬ್ ತೆರೆಯುವವರಿಗೆ ಪೀಪಾಯಿಯ ಲೆಕ್ಕ

ಇಂಗ್ಲೆಂಡಿನ ಕೆಂಟ್ ಕೌಂಟಿಯ ಹರ್ನ್ ಎಂಬ ಹಳ್ಳಿಯಲ್ಲಿ ಮಾರ್ಟಿನ್ ಹಿಲಿಯರ್ ಅವರು 2005ರಲ್ಲಿ ಹಳೆಯ ಮಾಂಸದಂಗಡಿಯೊಂದನ್ನು ‘ಬುಚರ್ಸ್ ಆರ್ಮ್ಸ್’ ಎಂಬ ಪುಟ್ಟ ಪಬ್ಬಾಗಿ ಮಾರ್ಪಡಿಸಿದರು. ಸಂಗೀತವಿಲ್ಲದ, ಟಿ.ವಿ. ಇಲ್ಲದ, ರಿಯಲ್ ಏಲ್ ಎಂಬ ಬಗೆಯ ಬಿಯರ್ ಮತ್ತು ಮಾತುಕತೆಗಷ್ಟೇ ಮೀಸಲಾದ ಆ ಮಾದರಿ ಮುಂದೆ ಮೈಕ್ರೊಪಬ್ ಎಂದು ಹೆಸರಾಯಿತು. ಅಲ್ಲಿ ಅಂಥದೊಂದನ್ನು ತೆರೆಯಬೇಕೆಂದಿರುವವರು ಮಳಿಗೆ ಹುಡುಕುವ ಮುನ್ನ ಪೀಪಾಯಿಯನ್ನು ಅರಿತುಕೊಳ್ಳಬೇಕು. ಪಬ್ಬು ಎಷ್ಟು ದೊಡ್ಡದಿರಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಪೀಪಾಯಿಯೊಳಗೇ ಜೀವಂತ ಯೀಸ್ಟ್‌ನಿಂದ ಎರಡನೆಯ ಬಾರಿ ಹುದುಗಿ, ಹೊರಗಿನ ಅನಿಲದ ಒತ್ತಡವಿಲ್ಲದೆ ಲೋಟಕ್ಕಿಳಿಯುವ ಬಿಯರನ್ನು ರಿಯಲ್ ಏಲ್ ಎನ್ನುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಫರ್ಕಿನ್ ಪೀಪಾಯಿ 9 ಗ್ಯಾಲನ್, ಅಂದರೆ 72 ಪೈಂಟ್ (ಸುಮಾರು 41 ಲೀಟರ್) ಹಿಡಿಯುತ್ತದೆ. ಸುರಿಯತೊಡಗಿದ ಮೇಲೆ ಒಳಗೆ ಗಾಳಿ ಸೇರುವುದರಿಂದ ಸುಮಾರು 3 ದಿನಗಳಲ್ಲಿ ಅದನ್ನು ಖಾಲಿ ಮಾಡಬೇಕು. ತಡವಾದರೆ ಸಪ್ಪೆಯಾಗಿ ಹುಳಿಗೆ ತಿರುಗುತ್ತದೆ. ಗಸಿಯ ಪಾಲನ್ನು ಬಿಟ್ಟರೂ ಒಂದೊಂದು ಪೀಪಾಯಿಗೆ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಪೈಂಟಿನ ಗಿರಾಕಿ ಬೇಕಾಗುತ್ತದೆ. ಆದ್ದರಿಂದ ಇಪ್ಪತ್ತು ಮಂದಿ ಕೂರುವ ಕೋಣೆಗೆ ಎರಡು ಮೂರು ಬಗೆ ಧಾರಾಳವಾಯಿತು. ನಿಧಾನವಾಗಿ ಖರ್ಚಾಗುವ ಸ್ಟೌಟ್ ಎಂಬ ಕಪ್ಪು ಬಿಯರನ್ನು ಅರ್ಧ ಅಳತೆಯ ಪಿನ್ ಪೀಪಾಯಿಯಲ್ಲಿ ತರಿಸುವುದು ಜಾಣತನ. ಸಾಲಾಗಿ ಆರು ನಲ್ಲಿಗಳಿದ್ದರೆ ನೋಡಲೇನೋ ಚೆಂದ, ಮೂರನೆಯ ದಿನ ಕುಡಿಯುವವನ ಪಾಡು ಬೇರೆ.

ಬಂದ ಪೀಪಾಯಿಯನ್ನು 11ರಿಂದ 13 ಡಿಗ್ರಿ ಸೆಲ್ಸಿಯಸ್ ತಂಪಿರುವ ಕೋಣೆಯಲ್ಲಿ ಅಡ್ಡಲಾಗಿ ಮಲಗಿಸಿ, ಅಲುಗಾಡದಂತೆ ಬೆಣೆ ಕೊಡಬೇಕು. ಬೆಂಗಳೂರಿನ ಬ್ರೂಪಬ್‌ಗಳ ಕೊರೆಯುವ ಬಿಯರಿಗೆ ಒಗ್ಗಿದವರಿಗೆ ಇದು ಬೆಚ್ಚಗೆನಿಸಬಹುದು, ಆದರೆ ಇದಕ್ಕಿಂತ ತಣ್ಣಗಾದರೆ ಏಲಿನ ಪರಿಮಳ ಅಡಗಿಹೋಗುತ್ತದೆ. ಮೇಲ್ಬದಿಯ ಬಿರಡೆಯ ನಡುವೆ ಸ್ಪೈಲ್ ಎಂಬ ಮೆದು ಮರದ ಕಡ್ಡಿಯನ್ನು ಕೊಡತಿಯಿಂದ ಹೊಡೆದಾಗ ಅನಿಲವು ಬುಸ್ಸೆಂದು ನೊರೆಯೊಡನೆ ಹೊರಬರುತ್ತದೆ. ನೊರೆಯನ್ನು ಆಗಾಗ ಒರೆಸುತ್ತ, ಗುಳ್ಳೆಗಳು ವಿರಳವಾಗುವವರೆಗೆ ಕಾದು, ಬಳಿಕ ಅನಿಲ ಬಿಡದ ಗಟ್ಟಿ ಕಡ್ಡಿಯನ್ನು ಹಾಕಬೇಕು. ಗಸಿ ತಳಕ್ಕಿಳಿಯಲು ಒಂದೆರಡು ದಿನ ಬೇಕು. ನಲ್ಲಿಯನ್ನು ಒಂದೇ ಏಟಿಗೆ ಕೂರಿಸಬೇಕು. ಕೈ ಅಳುಕಿದರೆ ಬಿಯರ್ ಗೋಡೆಯ ಪಾಲು. ಮಾರುವ ಹೊತ್ತಿನಲ್ಲಿ ಗಟ್ಟಿ ಕಡ್ಡಿಯನ್ನು ಸಡಿಲಿಸಿ, ರಾತ್ರಿ ಬಾಗಿಲು ಹಾಕುವಾಗ ಮತ್ತೆ ಬಿಗಿಯಬೇಕು.

ಕಾಗದಪತ್ರದ ಕೆಲಸ ಬೇಸರದ್ದಾದರೂ ಕಷ್ಟದ್ದಲ್ಲ. ಅಂಗಡಿಯನ್ನು ಪಬ್ಬಾಗಿಸಲು ಸ್ಥಳೀಯ ಕೌನ್ಸಿಲಿನ ಯೋಜನಾ ಅನುಮತಿ, ಮದ್ಯ ಮಾರಲು ಮಳಿಗೆಯ ಪರವಾನಗಿ, ಹೊಣೆ ಹೊರುವ ವ್ಯಕ್ತಿಗೆ ಪ್ರತ್ಯೇಕ ಪರವಾನಗಿ ಬೇಕು. ಮಳಿಗೆಯ ಅರ್ಜಿಯ ಪ್ರಕಟಣೆಯನ್ನು ತಿಳಿನೀಲಿ ಕಾಗದದಲ್ಲಿ 28 ದಿನ ಬಾಗಿಲಿಗೆ ಅಂಟಿಸಿರಬೇಕು.

ಆಸನಗಳನ್ನು ಗೋಡೆಯುದ್ದಕ್ಕೂ ಒಳಮುಖವಾಗಿ ಹಾಕಿದರೆ, ಒಂಟಿಯಾಗಿ ಬಂದವರೂ ಎದುರಿನವರ ಮುಖ ನೋಡಲೇಬೇಕಾಗುತ್ತದೆ. ಕೌಂಟರನ್ನೇ ಬಿಟ್ಟು, ಮಾಲೀಕರೇ ಪೀಪಾಯಿಯಿಂದ ನೇರವಾಗಿ ಹಿಡಿದ ಲೋಟವನ್ನು ಮೇಜಿಗೆ ತಂದುಕೊಟ್ಟರೆ, ಈ ಏಲ್ ಯಾವ ಊರಿನದೆಂಬ ಪ್ರಶ್ನೆಯಿಂದಲೇ ಮಾತು ಶುರುವಾಗುತ್ತದೆ. ಫೋನು ರಿಂಗಣಿಸಿದವರಿಂದ ಕೆಲವೆಡೆ ದಾನದ ಡಬ್ಬಿಗೆ ದಂಡ ಹಾಕಿಸುತ್ತಾರೆ. ಹಾಗೆ ಮಾಡುವುದಿದ್ದರೆ ಬಾಗಿಲಲ್ಲೇ ಫಲಕ ತೂಗುಹಾಕಿರಬೇಕು.