‘ದಿ ಆಕ್ಟ್ ಆಫ್ ಕಿಲ್ಲಿಂಗ್’ ನಾನು ತೋರಿಸುವ ರೀತಿ

ನಮ್ಮ ಪುಟ್ಟ ಸಿನಿಮಾ ಬಳಗದಲ್ಲಿ ಈ ಸಾಕ್ಷ್ಯಚಿತ್ರ ತೋರಿಸುವಾಗ ನಾನು ಮೊದಲು ಸ್ವಲ್ಪ ಇತಿಹಾಸ ಹೇಳುತ್ತೇನೆ. ಜೋಶುವಾ ಆಪನ್‌ಹೈಮರ್ ನಿರ್ದೇಶನದ ಈ 2012ರ ಚಿತ್ರ ಹಿನ್ನೆಲೆಯನ್ನು ನಾಲ್ಕು ಸಾಲಿನಲ್ಲಿ ಮುಗಿಸಿಬಿಡುತ್ತದೆ. ನಮ್ಮ ಪ್ರೇಕ್ಷಕರಿಗೆ ಅಷ್ಟು ಸಾಲದು.

1965ರ ಸೆಪ್ಟೆಂಬರ್ 30ರ ರಾತ್ರಿ ಇಂಡೋನೇಷ್ಯಾದಲ್ಲಿ ಆರು ಸೇನಾ ಜನರಲ್‌ಗಳ ಅಪಹರಣ ನಡೆಯಿತು, ಅವರೆಲ್ಲ ಹೆಣವಾದರು. ಮುಂದೆ ದೇಶದ ಅಧ್ಯಕ್ಷನಾದ ಸೇನಾಧಿಕಾರಿ ಸುಹಾರ್ತೊ ಕಡೆಯವರು ಅದನ್ನು ಕಮ್ಯುನಿಸ್ಟರ ತಲೆಗೆ ಕಟ್ಟಿದರು. ಮುಂದಿನ ತಿಂಗಳುಗಳಲ್ಲಿ ಕೊಲೆಯಾದವರು ಕಡಿಮೆ ಅಂದರೂ 5 ಲಕ್ಷ. 10 ಲಕ್ಷ ಅನ್ನುವವರೂ ಇದ್ದಾರೆ. ಎಲ್ಲ ಕಡೆ ಸೇನೆಯೇ ಕೊಲ್ಲಲಿಲ್ಲ, ಊರ ರೌಡಿಗಳನ್ನು ಛೂ ಬಿಟ್ಟಿತು. ಉತ್ತರ ಸುಮಾತ್ರದ ಮೇದಾನ್ ಪಟ್ಟಣದ ಅನ್ವರ್ ಕಾಂಗೊ ಅಂಥವನು. ಟಾಕೀಸಿನ ಮುಂದೆ ಬ್ಲ್ಯಾಕ್‌ನಲ್ಲಿ ಟಿಕೆಟ್ ಮಾರುತ್ತಿದ್ದ. ಕಮ್ಯುನಿಸ್ಟರು ಅಮೆರಿಕದ ಸಿನಿಮಾ ಬೇಡ ಅಂದಿದ್ದು ಅವನ ಹೊಟ್ಟೆಗೇ ಕುತ್ತು ತಂದಿತ್ತು.

ಇವರಿಗ್ಯಾರಿಗೂ ಶಿಕ್ಷೆಯಾಗಲಿಲ್ಲ. ‘ನೀವು ಮಾಡಿದ್ದನ್ನು ನಿಮಗೆ ಬೇಕಾದ ಹಾಗೆ ನಟಿಸಿ ತೋರಿಸಿ’ ಅಂತ ನಿರ್ದೇಶಕ ಕೇಳಿದರೆ ಖುಷಿಯಿಂದ ಒಪ್ಪಿಕೊಂಡರು.

ಚಿತ್ರದಲ್ಲಿ ಜಾಸ್ತಿ ಕಾಡುವುದು ರಕ್ತ ಅಲ್ಲ, ಕೊಂದವರ ನಗು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎದ್ದು ಹೋಗಬೇಕೆನ್ನಿಸಿದವರು ಸುಮ್ನೆ ಹೋಗಬಹುದು, ಕಾರಣ ಕೇಳುವುದಿಲ್ಲ.

ನಂತರದ ಮಾತುಕತೆಗೆ ನಾನು ಆರಿಸಿಕೊಳ್ಳುವುದು ತಾರಸಿಯ ದೃಶ್ಯ. ಹೊಡೆದು ಕೊಂದರೆ ರಕ್ತ ಜಾಸ್ತಿ, ವಾಸನೆ ಬೇರೆ. ಅದಕ್ಕೇ ಕುತ್ತಿಗೆಗೆ ತಂತಿ ಬಿಗಿದು ಕೊಲ್ಲುತ್ತಿದ್ದೆ ಅಂತ ಅನ್ವರ್ ಅಲ್ಲಿ ಮಾಡಿ ತೋರಿಸುತ್ತಾನೆ. ಆಮೇಲೆ ಚಾ-ಚಾ-ಚಾ ಕುಣಿಯುತ್ತಾನೆ. ಮುಂದೆ ಅದೇ ತುಣುಕನ್ನು ಟಿವಿಯಲ್ಲಿ ನೋಡುವಾಗ ಅವನ ಮುಖ ಸಪ್ಪಗಾಗುತ್ತದೆ. ಪಶ್ಚಾತ್ತಾಪ ಬಂತು ಅಂದುಕೊಳ್ಳುತ್ತೇವೆ. ಅವನ ತಕರಾರು ಬಿಳಿ ಪ್ಯಾಂಟಿನ ಬಗ್ಗೆ! ಕೊಲ್ಲುವಾಗ ಅಂಥದ್ದು ಹಾಕುತ್ತಿರಲಿಲ್ಲವಂತೆ.

ಇಷ್ಟು ನೆನಪಿಸಿಯೇ ಕೊನೆಯ ದೃಶ್ಯಕ್ಕೆ ಬರುತ್ತೇನೆ. ಅಲ್ಲಿ ಅದೇ ತಾರಸಿಯಲ್ಲಿ ಅವನಿಗೆ ಓಕರಿಕೆ ಬರುತ್ತದೆ. ನಿಜವೋ ನಟನೆಯೋ? ಪ್ರತಿ ಸಲವೂ ವಾದ ಜೋರಾಗುತ್ತದೆ. ನನಗಂತೂ ಪೂರ್ತಿ ನಂಬಿಕೆಯಿಲ್ಲ. ಸಿನಿಮಾ ಹುಚ್ಚಿನಲ್ಲೇ ಬೆಳೆದವನಿಗೆ ಕ್ಯಾಮೆರಾ ಇರುವುದು ಮರೆಯುತ್ತದೆಯೇ? ಆದರೆ ಇದರಲ್ಲೇ ಸಂಜೆ ಕಳೆದರೆ ಮಾತೆಲ್ಲ ಕೊಂದವನ ಮನಸ್ಸಿನ ಬಗ್ಗೆಯೇ ಆಗುತ್ತದೆ, ಸತ್ತವರು ಎಲ್ಲೂ ಇಲ್ಲ. ಈ ಚಿತ್ರದ ಮೇಲೆ ನನ್ನ ದೊಡ್ಡ ದೂರೇ ಅದು.

ಹಾಗಾಗಿ ಎರಡು ಕೆಲಸ ಮಾಡುತ್ತೇನೆ. ಕೊನೆಯ ಹೆಸರುಪಟ್ಟಿ ಮುಗಿಯುವವರೆಗೆ ಲೈಟ್ ಹಾಕುವುದಿಲ್ಲ. ಅದರಲ್ಲಿ ಸಾಲುಸಾಲಾಗಿ ‘ಅನಾಮಧೇಯ’ ಎಂದೇ ಬರುತ್ತದೆ. ಅಷ್ಟು ವರ್ಷಗಳ ನಂತರವೂ ಅಲ್ಲಿನ ತಂತ್ರಜ್ಞರಿಗೆ ಹೆಸರು ಹಾಕಿಕೊಳ್ಳಲು ಭಯವಿತ್ತು. ಇನ್ನೊಂದು, ಅದೇ ನಿರ್ದೇಶಕನ 2014ರ ‘ದಿ ಲುಕ್ ಆಫ್ ಸೈಲೆನ್ಸ್’ ಅನ್ನು ಮುಂದಿನ ವಾರಕ್ಕೇ ಇಡುತ್ತೇನೆ. ಅದರಲ್ಲಿ ಕೊಲೆಯಾದವನೊಬ್ಬನ ತಮ್ಮ, ಕನ್ನಡಕದ ನಂಬರ್ ಪರೀಕ್ಷಿಸುವವನು, ಕೊಂದವರ ಎದುರೇ ಕೂತು ಪ್ರಶ್ನೆ ಕೇಳುತ್ತಾನೆ. ಎರಡನ್ನೂ ನೋಡಲು ಬಿಡುವಿಲ್ಲ ಅನ್ನುವವರಿಗೆ ಎರಡನೆಯದಕ್ಕೇ ಬನ್ನಿ ಅನ್ನುತ್ತೇನೆ.